ರೋಟಾಕ್ಸ್ 912 ತಕರಾರು ಮಾಡಿದಾಗ: ಕೈಯಾರೆ ಕಟ್ಟಿದ ವಿಮಾನದಲ್ಲಿ ದೋಷ ಹುಡುಕುವ ಕ್ರಮ

ಶೆಡ್ಡಿನಲ್ಲೋ ಗ್ಯಾರೇಜಿನಲ್ಲೋ ಸ್ವಂತ ಕೈಯಿಂದ ಕಟ್ಟುವ ಲಘು ವಿಮಾನಗಳಲ್ಲಿ ರೋಟಾಕ್ಸ್ 912 ಎಂಜಿನ್ ತುಂಬಾ ಕಾಣಸಿಗುತ್ತದೆ. ಜೆನಿತ್ ಸಿಎಚ್ 701, ಕಿಟ್‌ಫಾಕ್ಸ್, ವ್ಯಾನ್ಸ್ ಆರ್‌ವಿ-12, ಇವುಗಳ ಮೂತಿಯಲ್ಲಿ ಕೂರುವುದು ಇದೇ. ಆಸ್ಟ್ರಿಯಾದಲ್ಲಿ ತಯಾರಾಗುವ ಈ ನಾಲ್ಕು ಸಿಲಿಂಡರ್ ಎಂಜಿನ್ ಗಟ್ಟಿ ಜೀವ. ಕಂಪನಿ ಕೊಡುವ ಓವರ್‌ಹಾಲ್ (ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವ) ಅವಧಿಯೇ 2000 ಗಂಟೆ ಅಥವಾ 15 ವರ್ಷ.

ಅದಕ್ಕೇ ನಾನು ಮೊದಲು ಎಂಜಿನ್ ಒಳಗೆ ಕೈ ಹಾಕಬೇಡಿ ಅನ್ನುವುದು. ಎಂಜಿನ್ ಕಾರ್ಖಾನೆಯಲ್ಲಿ ಕಟ್ಟಿದ್ದು. ಅದರ ಸುತ್ತಲಿನ ಹೋಸು, ಕ್ಲಾಂಪು, ವೈರು, ಕೇಬಲ್, ಟ್ಯಾಂಕು, ರೇಡಿಯೇಟರ್ ನಾವು ಕಟ್ಟಿದ್ದು. ಹೆಚ್ಚಿನ ತಕರಾರು ಹುಟ್ಟುವುದು ಈ ಎರಡನೆಯ ಗುಂಪಿನಲ್ಲಿ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಸ್ವಂತ ಕಟ್ಟಿದ ವಿಮಾನಗಳ ಬಗ್ಗೆ 2012ರಲ್ಲಿ ಒಂದು ಅಧ್ಯಯನ ಮಾಡಿತು. ಅಪಘಾತಗಳಲ್ಲಿ ಅತಿ ಹೆಚ್ಚು ಕಂಡದ್ದು ಎರಡು: ಎಂಜಿನ್ ಕೈಕೊಡುವುದು, ಹಾರಾಟದಲ್ಲಿ ಹಿಡಿತ ತಪ್ಪುವುದು. ಆದ್ದರಿಂದ ಈ ಕೈಪಿಡಿ ಎಂಜಿನ್ ಕಡೆಗೇ ಗಮನ ಕೊಡುತ್ತದೆ. ಎರಡು ಕಾರ್ಬುರೇಟರ್ ಇರುವ 80 ಎಚ್‌ಪಿ ಯುಎಲ್ ಮತ್ತು 100 ಎಚ್‌ಪಿ ಯುಎಲ್‌ಎಸ್ ಮಾದರಿಗಳಿಗೆ ಇದು ಹೊಂದುತ್ತದೆ. ಇಂಜೆಕ್ಷನ್ ಇರುವ 912 ಐಎಸ್‌ಗೆ ಅಲ್ಲ. ಇಲ್ಲಿನ ಅಂಕಿಗಳನ್ನು ನಿಮ್ಮ ಎಂಜಿನ್‌ನ ಸೀರಿಯಲ್ ನಂಬರಿಗೆ ಬರುವ ಕೈಪಿಡಿಯ ಜೊತೆ ಒಮ್ಮೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಕಂಪನಿಯ ಆ ಕೈಪಿಡಿ ಹೇಳಿದ್ದೇ ಕೊನೆ ಮಾತು.

ಕೈ ಹಾಕುವ ಮುಂಚೆ

ಪ್ರೊಪೆಲ್ಲರ್ ಯಾವಾಗಲೂ ಜೀವಂತ ಅಂತಲೇ ತಿಳಿಯಿರಿ. ಈ ಎಂಜಿನ್‌ನಲ್ಲಿ ಇಗ್ನಿಷನ್ ಸ್ವಿಚ್ ಆಫ್ ಮಾಡುವುದು ಅಂದರೆ ಆ ವೈರನ್ನು ಅರ್ಥ್‌ಗೆ ಸೇರಿಸುವುದು. ವೈರು ಎಲ್ಲಾದರೂ ತುಂಡಾಗಿದ್ದರೆ ಸ್ವಿಚ್ ಆಫ್ ತೋರಿಸುತ್ತದೆ, ಇಗ್ನಿಷನ್ ಮಾತ್ರ ಆನ್ ಆಗಿಯೇ ಇರುತ್ತದೆ. ಬ್ಯಾಟರಿ ತೆಗೆದರೂ ಇದು ಬದಲಾಗದು. ಇಗ್ನಿಷನ್‌ಗೆ ಕರೆಂಟ್ ಬರುವುದು ಎಂಜಿನ್‌ನೊಳಗಿನ ಜನರೇಟರ್‌ನಿಂದಲೇ.

ಎಂಜಿನ್ ಓಡಿಸಿ ನೋಡುವಾಗ ಚಕ್ರಕ್ಕೆ ಅಡ್ಡಗಟ್ಟೆ ಇಡಿ, ಬಾಲವನ್ನು ಕಟ್ಟಿ. ಸೀಟಿನಲ್ಲಿ ಕಂಟ್ರೋಲ್ ಗೊತ್ತಿರುವ ಒಬ್ಬರು ಕೂತಿರಲಿ, ಹೊರಗೆ ಒಬ್ಬರು ನಿಂತಿರಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ. ಸಡಿಲ ಬಟ್ಟೆ, ಕೊರಳಿನ ಐಡಿ ಕಾರ್ಡು, ಶಾಲು ಬೇಡವೇ ಬೇಡ.

ಇನ್ನೊಂದು ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಆಗಲೇ ಲಾಗ್ ಬುಕ್ಕಿನಲ್ಲಿ ಬರೆಯಿರಿ. ಪ್ಲಗ್ಗು, ಫಿಲ್ಟರು, ಫ್ಲೋಟು ಮೂರನ್ನೂ ಒಟ್ಟಿಗೆ ಬದಲಾಯಿಸಿ ಎಂಜಿನ್ ಸರಿಹೋಯಿತು ಅಂದುಕೊಳ್ಳಿ. ದೋಷ ಯಾವುದರಲ್ಲಿತ್ತು ಅಂತ ನಿಮಗೆ ಗೊತ್ತಾಗುವುದಿಲ್ಲ. ಅದು ಮತ್ತೆ ಬರುವಾಗ ನೀವು ಆಕಾಶದಲ್ಲಿ ಇರಬಹುದು.

ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ

ಖರ್ಚಿಲ್ಲದ್ದನ್ನು ಮೊದಲು ನೋಡಿ. ಪೆಟ್ರೋಲ್ ವಾಲ್ವ್ ತೆರೆದಿದೆಯಾ? ಎರಡೂ ಇಗ್ನಿಷನ್ ಸ್ವಿಚ್ ಆನ್ ಇವೆಯಾ? ಚೋಕ್ ಎಳೆದಾಗ ಥ್ರಾಟಲ್ ಪೂರ್ತಿ ಹಿಂದೆ ಇದೆಯಾ? ಕೊನೆಯದನ್ನು ಕಾರು ಓಡಿಸಿ ರೂಢಿ ಇರುವವರು ಮರೆಯುತ್ತಾರೆ. ಈ ಬಿಂಗ್ ಕಂಪನಿಯ ಕಾರ್ಬುರೇಟರಿನ ಚೋಕ್ ಕೆಲಸ ಮಾಡುವುದು ಥ್ರಾಟಲ್ ಮುಚ್ಚಿದ್ದಾಗ ಮಾತ್ರ. ಸ್ವಲ್ಪ ತೆರೆದರೂ ಚೋಕ್ ಎಳೆದು ಪ್ರಯೋಜನವಿಲ್ಲ.

ಸ್ಟಾರ್ಟರ್ ತಿರುಗುವ ಸದ್ದನ್ನೂ ಕೇಳಿ. ಎಂಜಿನ್ ಸುಮಾರು 220 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ತಿರುಗದಿದ್ದರೆ ಇಗ್ನಿಷನ್ ಕಿಡಿಯನ್ನೇ ಕೊಡುವುದಿಲ್ಲ. ಪ್ರೊಪೆಲ್ಲರ್ ನಿಧಾನವಾಗಿ, ತಡೆದು ತಡೆದು ತಿರುಗುತ್ತಿದ್ದರೆ ಪ್ಲಗ್ ಬಿಚ್ಚುತ್ತಾ ಕೂರಬೇಡಿ, ಬ್ಯಾಟರಿ ನೋಡಿ. ಬ್ಯಾಟರಿ ಚೆನ್ನಾಗಿದ್ದೂ ಹೀಗಾದರೆ ಎಂಜಿನ್‌ನಿಂದ ಬ್ಯಾಟರಿಗೆ ಬರುವ ದಪ್ಪ ಅರ್ಥ್ ವೈರಿನ ಎರಡೂ ತುದಿ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಮತ್ತೆ ಬಿಗಿ ಮಾಡಿ. ಬಣ್ಣ ಹಚ್ಚಿದ ಲೋಹದ ಮೇಲೆ ಅರ್ಥ್ ಬೋಲ್ಟ್ ಕೂರಿಸಿರುವುದು ಹೊಸದಾಗಿ ಕಟ್ಟಿದ ವಿಮಾನಗಳಲ್ಲಿ ಬಹಳ ಕಾಣುತ್ತದೆ.

ಸ್ಟಾರ್ಟರನ್ನು ಒಮ್ಮೆಗೆ 10 ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ, ಮಧ್ಯೆ 2 ನಿಮಿಷ ತಣ್ಣಗಾಗಲು ಬಿಡಿ. ಬರೀ ಟಕ್ ಅಂತ ಸದ್ದಾಗಿ ಏನೂ ತಿರುಗದಿದ್ದರೆ ಬ್ಯಾಟರಿ, ವೈರು, ರಿಲೇ ಇದೇ ಕ್ರಮದಲ್ಲಿ ಹುಡುಕಿ.

ಸ್ವಿಚ್ ಪರೀಕ್ಷೆಯಲ್ಲಿ ಆರ್‌ಪಿಎಂ ಜಾಸ್ತಿ ಬೀಳುತ್ತಿದೆ, ಇಲ್ಲವೇ ಬೀಳುವುದೇ ಇಲ್ಲ

ಹಾರುವ ಮುಂಚೆ 4000 ಆರ್‌ಪಿಎಂನಲ್ಲಿ ಒಂದೊಂದೇ ಇಗ್ನಿಷನ್ ಆಫ್ ಮಾಡಿ ನೋಡುತ್ತೇವೆ. 300ಕ್ಕಿಂತ ಜಾಸ್ತಿ ಬೀಳಬಾರದು. ಎ ಮತ್ತು ಬಿ ಅನ್ನುವ ಎರಡು ಇಗ್ನಿಷನ್‌ಗಳ ನಡುವಿನ ವ್ಯತ್ಯಾಸ 115 ದಾಟಬಾರದು.

ಆರ್‌ಪಿಎಂ ಸ್ವಲ್ಪವೂ ಬೀಳದಿದ್ದರೆ ಖುಷಿಪಡಬೇಡಿ. ಆಫ್ ಮಾಡಿದ ಇಗ್ನಿಷನ್ ನಿಜಕ್ಕೂ ಆಫ್ ಆಗಿಲ್ಲ ಅಂತ ಅದರ ಅರ್ಥ. ಮೇಲೆ ಹೇಳಿದ ಹಾಗೆ ಅರ್ಥ್‌ಗೆ ಹೋಗುವ ವೈರು ಎಲ್ಲೋ ಬಿಟ್ಟಿದೆ. ಆ ವೈರು ಸರಿಯಾಗುವ ತನಕ ಪ್ರೊಪೆಲ್ಲರ್ ಹತ್ತಿರ ಯಾರನ್ನೂ ಬಿಡಬೇಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಜಾಸ್ತಿ ಬೀಳುತ್ತಿದ್ದರೆ, ಜೊತೆಗೆ ಎಂಜಿನ್ ಅದುರುತ್ತಿದ್ದರೆ, ಒಂದೋ ಎರಡೋ ಪ್ಲಗ್ ಕೆಲಸ ಮಾಡುತ್ತಿಲ್ಲ. ಯಾವುದು ಅಂತ ಕಂಡುಹಿಡಿಯಲು ಸುಲಭದ ದಾರಿ ಇದೆ. ತಣ್ಣಗಿರುವ ಎಂಜಿನನ್ನು ಆ ಕೆಟ್ಟ ಇಗ್ನಿಷನ್ (ಆರ್‌ಪಿಎಂ ಜಾಸ್ತಿ ಬಿದ್ದಾಗ ಆನ್ ಇದ್ದದ್ದು) ಒಂದರಲ್ಲೇ ಸುಮಾರು ಒಂದು ನಿಮಿಷ ಓಡಿಸಿ, ನಿಲ್ಲಿಸಿ. ಎಲ್ಲ ಸ್ವಿಚ್ ಆಫ್ ಮಾಡಿ, ಪ್ರೊಪೆಲ್ಲರ್ ತಿರುಗುವ ವಲಯದಿಂದ ದೂರ ನಿಂತು ನಾಲ್ಕೂ ಎಕ್ಸಾಸ್ಟ್ ಪೈಪಿನ ಬುಡಕ್ಕೆ ಒಂದೊಂದು ಹನಿ ನೀರು ಬಿಡಿ. ಮೂರರಲ್ಲಿ ಚುರ್ ಅಂತ ಆರಿಹೋಗುತ್ತದೆ. ಒಂದರಲ್ಲಿ ಹನಿ ಹಾಗೇ ಜಾರಿ ಕೆಳಗಿಳಿಯುತ್ತದೆ. ತೊಂದರೆ ಇರುವುದು ಆ ಸಿಲಿಂಡರಿನಲ್ಲಿ.

ಒಂದೇ ಸಿಲಿಂಡರ್ ತಣ್ಣಗಿದ್ದರೆ ಪ್ಲಗ್ ಅಥವಾ ಅದರ ಕ್ಯಾಪ್ ಮೇಲೆ ಅನುಮಾನ. ಕ್ಯಾಪನ್ನು ವೈರಿಗೆ ತಿರುಗಿಸಿ ಕೂರಿಸಿರುತ್ತಾರೆ, ಅದು ಸಡಿಲಾಗುವುದುಂಟು. ಎರಡು ಸಿಲಿಂಡರ್ ಒಟ್ಟಿಗೆ ತಣ್ಣಗಿದ್ದರೆ ಕಾಯಿಲ್ ಕಡೆ ನೋಡಿ, ಏಕೆಂದರೆ ಇದರಲ್ಲಿ ಒಂದು ಕಾಯಿಲ್ ಎರಡು ಪ್ಲಗ್ಗಿಗೆ ಕಿಡಿ ಕೊಡುತ್ತದೆ. ಎ ಇಗ್ನಿಷನ್ ಅಂದರೆ ಎಲ್ಲ ಮೇಲಿನ ಪ್ಲಗ್ಗುಗಳು ಅಂತ ಊಹಿಸಬೇಡಿ. ಅರ್ಧ ಮೇಲಿನವು, ಅರ್ಧ ಕೆಳಗಿನವು ಇರುತ್ತವೆ. ವೈರು ಹಿಡಿದುಕೊಂಡೇ ಹೋಗಿ. ಪ್ಲಗ್ ಬದಲಾಯಿಸುವುದು ನಿಮ್ಮ ಕೈಯ ಕೆಲಸ. ನಾಲ್ಕೂ ಸಿಲಿಂಡರ್ ಒಂದೇ ಇಗ್ನಿಷನ್‌ನಲ್ಲಿ ಸತ್ತಿದ್ದರೆ, ಮತ್ತು ಸ್ವಿಚ್ ವೈರು ಎಲ್ಲೂ ಅರ್ಥ್ ಆಗಿಲ್ಲ ಅಂತ ಖಾತ್ರಿಯಾದರೆ, ಆಗ ಇಗ್ನಿಷನ್ ಮಾಡ್ಯೂಲ್ ಅಥವಾ ಜನರೇಟರ್ ಕಾಯಿಲ್ ವಿಷಯ. ಅಲ್ಲಿಗೆ ರೋಟಾಕ್ಸ್ ತರಬೇತಿ ಆದವರನ್ನು ಕರೆಯಿರಿ.

ಐಡಲ್‌ನಲ್ಲಿ ನಡುಗುತ್ತದೆ, ವೇಗ ಹೆಚ್ಚಿದರೆ ಸರಿಹೋಗುತ್ತದೆ

ಮೊದಲು ಐಡಲ್ ಎಷ್ಟಿದೆ ನೋಡಿ. 1400 ಆರ್‌ಪಿಎಂಗಿಂತ ಕೆಳಗೆ ಬಿಟ್ಟರೆ ಗೇರ್‌ಬಾಕ್ಸ್ ಕಟಕಟ ಅನ್ನುತ್ತದೆ, ಹಾಗೇ ಓಡಿಸುತ್ತಾ ಹೋದರೆ ಅದು ಸವೆಯುತ್ತದೆ. ಬರೀ ಐಡಲ್ ಹೊಂದಿಸಿದರೆ ಎಷ್ಟೋ ಸಲ ನಡುಕ ನಿಲ್ಲುತ್ತದೆ.

ನಿಲ್ಲದಿದ್ದರೆ ಎರಡು ಕಾರ್ಬುರೇಟರ್ ಜೊತೆಯಾಗಿ ನಡೆಯುತ್ತಿಲ್ಲ. ಒಂದೊಂದೂ ಒಂದೊಂದು ಬದಿಯ ಎರಡು ಸಿಲಿಂಡರಿಗೆ ಉಣಿಸುತ್ತದೆ, ಅದಕ್ಕೇ ಎಡಬಲ ಹೊಂದದಿದ್ದರೆ ಇಡೀ ವಿಮಾನ ನಡುಗುತ್ತದೆ. ಎಂಜಿನ್ ನಿಂತಿರುವಾಗಲೇ ನೋಡಬಹುದಾದದ್ದು ಇದೆ. ಒಬ್ಬರು ಥ್ರಾಟಲ್ ನಿಧಾನವಾಗಿ ಮುಂದಕ್ಕೆ ತಳ್ಳಲಿ. ನೀವು ಎರಡೂ ಕಾರ್ಬುರೇಟರಿನ ಲಿವರ್ ಮೇಲೆ ಒಂದೊಂದು ಬೆರಳು ಇಡಿ. ಎರಡೂ ಸ್ಟಾಪ್ ಸ್ಕ್ರೂ ಬಿಟ್ಟು ಏಳುವುದು ಒಟ್ಟಿಗೇ ಇರಬೇಕು, ವಾಪಸ್ ಬಂದು ತಾಗುವುದೂ ಒಟ್ಟಿಗೇ. ಒಂದು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಬೆರಳಿಗೆ ತಿಳಿಯುತ್ತದೆ. ಆಗ ಕೇಬಲ್ ಹೊಂದಿಸಿ. ಇದು ಸರಿಯಾದ ಮೇಲೆಯೇ ವ್ಯಾಕ್ಯೂಮ್ ಗೇಜ್ ಹಾಕಿ ಎಂಜಿನ್ ಓಡಿಸಿ ಅಳೆಯುವ ಕೆಲಸ. ಗೇಜ್ ನೋಡಿ ಸ್ಕ್ರೂ ತಿರುಗಿಸುವ ಹೊತ್ತಿಗೆ ಎಂಜಿನ್ ನಿಲ್ಲಿಸಿ. ತಿರುಗುವ ಪ್ರೊಪೆಲ್ಲರ್ ಹಿಂದೆ ಬಗ್ಗಿ ಸ್ಕ್ರೂಡ್ರೈವರ್ ಹಿಡಿಯುವ ಅಭ್ಯಾಸ ಕೆಲವರಿಗೆ ಇದೆ. ದಯವಿಟ್ಟು ಬಿಡಿ.

ಒಂದು ಬದಿ ಇದ್ದಕ್ಕಿದ್ದಂತೆ ಹುಚ್ಚೆದ್ದ ಹಾಗೆ ಓಡಿ ಎಂಜಿನ್ ಭಯಂಕರವಾಗಿ ಅದುರಿದರೆ ಆ ಬದಿಯ ಥ್ರಾಟಲ್ ಕೇಬಲ್ ತುಂಡಾಗಿರಬಹುದು. ಕೇಬಲ್ ಹೋದರೆ ಕಾರ್ಬುರೇಟರ್ ಪೂರ್ತಿ ತೆರೆಯುವ ಹಾಗೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಆಕಾಶದಲ್ಲಿ ಶಕ್ತಿ ಉಳಿಯಲಿ ಅಂತ ಈ ವ್ಯವಸ್ಥೆ. ನೆಲದಲ್ಲಿ ಹೀಗಾದರೆ ತಕ್ಷಣ ಎರಡೂ ಇಗ್ನಿಷನ್ ಆಫ್ ಮಾಡಿ.

ಕಾರ್ಬುರೇಟರ್ ಕೂರುವ ರಬ್ಬರ್ ಸಾಕೆಟ್ ಬಿರುಕು ಬಿಟ್ಟರೂ ಇದೇ ನಡುಕ. ಕಾರ್ಬುರೇಟರನ್ನು ಕೈಯಲ್ಲಿ ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ, ರಬ್ಬರಿನ ಕೆಳಬದಿಯನ್ನು ಟಾರ್ಚ್ ಬಿಟ್ಟು ನೋಡಿ. ಬಿರುಕು ಶುರುವಾಗುವುದು ಕಣ್ಣಿಗೆ ಬೀಳದ ಆ ಕಡೆಯಲ್ಲೇ. ಎಂಜಿನ್ ಮೇಲಿನ ಎಲ್ಲ ರಬ್ಬರ್ ಭಾಗಗಳನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಕಂಪನಿ ಹೇಳುತ್ತದೆ. ನಮ್ಮ ಬಿಸಿಲಿಗೆ ಆ ಅವಧಿಯನ್ನು ಎಳೆಯಬೇಡಿ.

ಎಲ್ಲ ವೇಗದಲ್ಲೂ ನಡುಕ ಇದ್ದರೆ ಪ್ರೊಪೆಲ್ಲರ್ ನೋಡಿ. ಮರದ ಪ್ರೊಪೆಲ್ಲರ್ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಬೋಲ್ಟ್ ಸಡಿಲಾಗುತ್ತದೆ. ಕಾಲ ಬದಲಾದಾಗೆಲ್ಲ ಟಾರ್ಕ್ ರೆಂಚ್ ಹಾಕಿ ನೋಡಬೇಕು.

ಪೆಟ್ರೋಲ್ ವಾಸನೆ, ಕಾರ್ಬುರೇಟರ್ ಕೆಳಗೆ ಹನಿ

ಇದು ಕಂಡರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಕಾರ್ಬುರೇಟರ್ ಕೆಳಗೇ ಬಿಸಿ ಎಕ್ಸಾಸ್ಟ್ ಇದೆ.

ವಾಲ್ವ್ ಮುಚ್ಚಿ, ಎಲ್ಲಿಂದ ಒಸರುತ್ತಿದೆ ನೋಡಿ. ಹೋಸ್ ಕ್ಲಾಂಪಿನಿಂದಾದರೆ ಸುಲಭ. ಕಾರ್ಬುರೇಟರಿನ ಗಾಳಿ ಕೊಳವೆಯಿಂದ ಬರುತ್ತಿದ್ದರೆ ಅದರ ತಳದ ಬೋಗುಣಿಯಲ್ಲಿ ಪೆಟ್ರೋಲ್ ಉಕ್ಕುತ್ತಿದೆ. ಒಂದೋ ಸೂಜಿ ವಾಲ್ವಿನಲ್ಲಿ ಕಸ ಕೂತಿದೆ, ಇಲ್ಲವೇ ಪೆಟ್ರೋಲ್ ಮಟ್ಟ ಕಾಯುವ ತೇಲು ಬುರುಡೆ, ಅಂದರೆ ಫ್ಲೋಟ್, ಮುಳುಗುತ್ತಿದೆ. ತಂತಿ ಕ್ಲಿಪ್ಪನ್ನು ಪಕ್ಕಕ್ಕೆ ಸರಿಸಿದರೆ ಬೋಗುಣಿ ಕೈಗೆ ಬರುತ್ತದೆ. ತಳದಲ್ಲಿ ಮರಳಿನಂಥ ಕಸ, ಹೋಸಿನ ಒಳಗಿನ ಕಪ್ಪು ರಬ್ಬರ್ ಚೂರು, ಮುತ್ತಿನಂತೆ ಉರುಳುವ ನೀರಿನ ಹನಿ ಇವೆಯಾ ನೋಡಿ. ಆಮೇಲೆ ಎರಡೂ ಫ್ಲೋಟ್ ತೆಗೆದು, ಮೇಲಿನ ಪೆಟ್ರೋಲ್ ಒರೆಸಿ, ಒಟ್ಟಿಗೆ ತೂಕ ಮಾಡಿ. ಚಿನ್ನದ ಅಂಗಡಿಯಲ್ಲಿ ಇರುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಜೋಡಿ 7 ಗ್ರಾಂ ದಾಟಿದರೆ ಅವು ಪೆಟ್ರೋಲ್ ಹೀರಿವೆ, ಬದಲಾಯಿಸಬೇಕು. ತೂಕವನ್ನು ತೆಗೆದ ಕೂಡಲೇ ಮಾಡಿ. ನಾಳೆ ನೋಡೋಣ ಅಂತ ಬಿಟ್ಟರೆ ಹೀರಿದ್ದು ಆರಿಹೋಗಿ ಕೆಟ್ಟ ಫ್ಲೋಟೂ ಒಳ್ಳೆಯದರ ಹಾಗೆ ತೂಗುತ್ತದೆ.

ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಪೂರ್ತಿ ಥ್ರಾಟಲ್‌ನಲ್ಲಿ ಸೊರಗುತ್ತದೆ

ಈ ಲಕ್ಷಣಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಹೆದರುತ್ತೇನೆ. ಇದು ಕಾಣಿಸಿಕೊಳ್ಳುವುದು ಟೇಕಾಫ್ ಆಗಿ ಏರುತ್ತಿರುವಾಗ. ಬೋಗುಣಿಯಲ್ಲಿ ಇದ್ದ ಪೆಟ್ರೋಲ್ ಮುಗಿಯುತ್ತದೆ, ಹಿಂದಿನಿಂದ ಸಾಕಷ್ಟು ಬರುತ್ತಿರುವುದಿಲ್ಲ. ನೆಲದಲ್ಲಿ ಒಮ್ಮೆ ಹೀಗಾದರೆ ಕಾರಣ ಸಿಗುವ ತನಕ ಹಾರಾಟ ಬೇಡ.

ಮೊದಲು ಟ್ಯಾಂಕಿನ ಗಾಳಿ ಕೊಳವೆ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಈ ಕೊಳವೆ ಅಂದರೆ ಬಲು ಇಷ್ಟ. ಬಾಯಿಗೆ ಜಾಲರಿ ಹಾಕಿ. ಹಾರುವ ದಿನ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆರೆದು, ಕೊಳವೆಗೆ ಒಂದು ರಬ್ಬರ್ ನಳಿಕೆ ಸೇರಿಸಿ ಮೆಲ್ಲಗೆ ಊದಿ. ಗಾಳಿ ಸಲೀಸಾಗಿ ಹೋಗಬೇಕು. ವೇಗ ಅಳೆಯುವ ಪಿಟಾಟ್ ಕೊಳವೆಯಲ್ಲೂ ಇದೇ ಕಣಜ ಗೂಡು ಕಟ್ಟುತ್ತದೆ, ಆದರೆ ಅದಕ್ಕೆ ಬಾಯಿ ಹಾಕಿ ಊದಬೇಡಿ. ವೇಗದ ಮೀಟರ್ ಹಾಳಾಗುತ್ತದೆ. ಅದಕ್ಕೆ ಕವರ್ ಹಾಕಿಡುವುದೇ ಉಪಾಯ.

ಆಮೇಲೆ ಫಿಲ್ಟರ್. ಅದೂ ಸ್ವಚ್ಛವಾಗಿದ್ದರೆ ಹರಿವು ಅಳೆಯಿರಿ. ಯುಎಲ್‌ಎಸ್ ಎಂಜಿನ್ ಟೇಕಾಫ್ ಶಕ್ತಿಯಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವ್ಯವಸ್ಥೆ ಅದರ 125 ಶೇಕಡಾ ಕೊಡಬೇಕು ಅನ್ನುವುದು ರೂಢಿಯ ಲೆಕ್ಕ. ಅಂದರೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಎಲೆಕ್ಟ್ರಿಕ್ ಪಂಪ್ ಇದ್ದರೆ ಕಾರ್ಬುರೇಟರ್ ಬಳಿ ಹೋಸ್ ಬಿಚ್ಚಿ, ವಿಮಾನದ ಮೂತಿಯನ್ನು ಏರುವ ಕೋನಕ್ಕೆ ಎತ್ತಿ, ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇಟ್ಟು ಅಳತೆ ಪಾತ್ರೆಗೆ ಹಿಡಿಯಿರಿ. ಟ್ಯಾಂಕ್ ತುಂಬಿಸಿ, ಸಮತಟ್ಟಾಗಿ ನಿಲ್ಲಿಸಿ ಅಳೆದರೆ ಸುಳ್ಳು ಸಮಾಧಾನ ಸಿಗುತ್ತದೆ. ಈ ಕೆಲಸ ಬಯಲಲ್ಲಿ ಮಾಡಿ. ಲೋಹದ ಪಾತ್ರೆಯನ್ನೂ ವಿಮಾನವನ್ನೂ ವೈರಿನಿಂದ ಜೋಡಿಸಿ, ಸ್ಥಿರ ವಿದ್ಯುತ್ತಿನ ಕಿಡಿ ಹಾರಬಾರದು. ಮೊಬೈಲ್ ದೂರ ಇಡಿ.

ಹರಿವು ಸರಿ ಇದ್ದೂ ಬಿಸಿ ಮಧ್ಯಾಹ್ನದಲ್ಲಿ ಮಾತ್ರ ಸೊರಗಿದರೆ ಪೆಟ್ರೋಲ್ ಹೋಸಿನಲ್ಲೇ ಆವಿಯಾಗುತ್ತಿದೆ. ಎಂಜಿನ್ ನಿಲ್ಲಿಸಿ, ಚಹಾ ಕುಡಿದು ಬಂದು ಮತ್ತೆ ಸ್ಟಾರ್ಟ್ ಮಾಡಿದಾಗ ಇದು ಜಾಸ್ತಿ. ಎಕ್ಸಾಸ್ಟ್ ಹತ್ತಿರ ಹಾದುಹೋಗುವ ಹೋಸಿಗೆ ಬೆಂಕಿ ತಡೆಯುವ ಕವಚ ಹಾಕಿ, ಸಾಧ್ಯವಾದರೆ ದಾರಿಯನ್ನೇ ಬದಲಿಸಿ. ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನ್ ಇದೆಯಾ ನೋಡಿ. ತೂಕ ಉಳಿಸಲು ಅದನ್ನು ಬಿಟ್ಟುಬಿಡುವವರು ಇದ್ದಾರೆ, ಅದು ತಪ್ಪು. ತಣ್ಣನೆ ತೇವದ ಬೆಳಿಗ್ಗೆ, ಅದರಲ್ಲೂ ಕಡಿಮೆ ಥ್ರಾಟಲ್‌ನಲ್ಲಿ ಸೊರಗಿದರೆ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟುತ್ತಿರಬಹುದು. ನಮ್ಮ ಊರಲ್ಲಿ ಎಲ್ಲಿಯ ಮಂಜುಗಡ್ಡೆ ಅನ್ನಬೇಡಿ. ಪೆಟ್ರೋಲ್ ಆವಿಯಾಗುವಾಗ ಗಾಳಿ ತಣ್ಣಗಾಗುತ್ತದೆ, ಹೊರಗೆ 20 ಡಿಗ್ರಿ ಇದ್ದರೂ ಒಳಗೆ ಗಡ್ಡೆ ಕಟ್ಟಬಲ್ಲದು.

ಭಾರತದಲ್ಲಿ ಹಾರುವವರಿಗೆ ಇನ್ನೊಂದು ಮಾತು. ರೋಟಾಕ್ಸ್ ಒಪ್ಪುವುದು 10 ಶೇಕಡಾ ಎಥನಾಲ್ ತನಕ ಮಾತ್ರ. ನಮ್ಮ ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಇ-20, ಅಂದರೆ 20 ಶೇಕಡಾ ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಹೆಚ್ಚಾದರೆ ನೀರು ಹೀರುತ್ತದೆ, ರಬ್ಬರು ಮತ್ತು ಕೆಲವು ಫೈಬರ್ ಟ್ಯಾಂಕುಗಳನ್ನು ಮೆತ್ತಗಾಗಿಸುತ್ತದೆ. ಬೋಗುಣಿಯಲ್ಲಿ ಕಂಡ ಕಪ್ಪು ಚೂರಿಗೆ ಇದೂ ಕಾರಣ ಇರಬಹುದು. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಅಳತೆ ಗೆರೆ ಇರುವ ಗಾಜಿನ ನಳಿಕೆಯಲ್ಲಿ 10 ಮಿಲಿ ನೀರು, ಅದರ ಮೇಲೆ 90 ಮಿಲಿ ಪೆಟ್ರೋಲ್ ಹಾಕಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಎಥನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 19ರ ಹತ್ತಿರ ಬಂದರೆ 10 ಶೇಕಡಾ ಇದೆ. 28ರ ಹತ್ತಿರ ಹೋದರೆ ಅದು ಇ-20. ಆ ಪೆಟ್ರೋಲ್ ನಿಮ್ಮ ಬೈಕಿಗೆ ಇರಲಿ. ವಿಮಾನಕ್ಕೆ ಏವಿಗ್ಯಾಸ್ (ವಿಮಾನಗಳ ಪೆಟ್ರೋಲ್) ಹಾಕಿದರೆ ಅದರಲ್ಲಿ ಸೀಸ ಇರುವುದರಿಂದ ಆಯಿಲ್ ಬೇಗ ಬದಲಾಯಿಸಬೇಕು, ಅಷ್ಟೇ.

ಶಕ್ತಿ ಸಾಲುತ್ತಿಲ್ಲ

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಆರ್‌ಪಿಎಂ ಬರುತ್ತಿಲ್ಲವಾ, ಅಥವಾ ಆರ್‌ಪಿಎಂ ಬಂದರೂ ವಿಮಾನ ಏರುತ್ತಿಲ್ಲವಾ?

ಎರಡನೆಯದಾದರೆ ಗಾಳಿಯ ವಿಷಯ. ಬೆಂಗಳೂರಿನ ಜಕ್ಕೂರು ವಿಮಾನ ನೆಲೆ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. 32 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ಸುಮಾರು 5700 ಅಡಿ ಎತ್ತರದ ಗಾಳಿಯಷ್ಟೇ ತೆಳು. ಎಂಜಿನ್ ಶಕ್ತಿಯಲ್ಲಿ ಸುಮಾರು ಆರರಲ್ಲಿ ಒಂದು ಪಾಲು ಹೋಗುತ್ತದೆ. ಪ್ರೊಪೆಲ್ಲರಿಗೂ ಗಾಳಿ ತೆಳುವಾದ್ದರಿಂದ ಆರ್‌ಪಿಎಂ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಇದು ದೋಷವಲ್ಲ. ಬೆಳಿಗ್ಗೆ ಹೊತ್ತು, ಕಡಿಮೆ ಭಾರದಲ್ಲಿ ಹಾರಿ.

ಆರ್‌ಪಿಎಂ ಬರುತ್ತಿಲ್ಲ ಅಂದರೆ ಥ್ರಾಟಲ್ ಪೂರ್ತಿ ತಳ್ಳಿದಾಗ ಎರಡೂ ಕಾರ್ಬುರೇಟರ್ ಲಿವರ್ ಕೊನೆಯ ಸ್ಟಾಪಿಗೆ ತಾಗುತ್ತವೆಯಾ ನೋಡಿ. ನಂತರ ಏರ್ ಫಿಲ್ಟರ್, ನಂತರ ಪ್ರೊಪೆಲ್ಲರ್ ಪಿಚ್, ಅಂದರೆ ಅದರ ಅಲಗುಗಳ ಕೋನ. ಮೀಟರ್ ಮೇಲೆ ಅನುಮಾನ ಇದ್ದರೆ ಬೆಳಕಿನಿಂದ ಅಳೆಯುವ ಟ್ಯಾಕೋಮೀಟರ್ ತನ್ನಿ. ಯುಎಲ್‌ಎಸ್‌ನ ಗೇರ್ ಅನುಪಾತ 2.43. ಎಂಜಿನ್ 5500 ತಿರುಗಿದರೆ ಪ್ರೊಪೆಲ್ಲರ್ ಸುಮಾರು 2260 ತಿರುಗಬೇಕು.

ಆಯಿಲ್ ಒತ್ತಡ ಕಡಿಮೆ, ಅಥವಾ ಎಂಜಿನ್ ಜಾಸ್ತಿ ಬಿಸಿ

ಸ್ಟಾರ್ಟ್ ಆದ 10 ಸೆಕೆಂಡಿನೊಳಗೆ ಆಯಿಲ್ ಒತ್ತಡ ಏರದಿದ್ದರೆ ಎಂಜಿನ್ ನಿಲ್ಲಿಸಿ. ಇದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ. 3500 ಆರ್‌ಪಿಎಂ ಮೇಲೆ 2ರಿಂದ 5 ಬಾರ್ ಇರಬೇಕು, ಅದಕ್ಕಿಂತ ಕೆಳಗಿನ ವೇಗದಲ್ಲಿ ಕನಿಷ್ಠ 0.8.

ಆಯಿಲ್ ಮಟ್ಟ ಮೊದಲು ನೋಡಿ, ಆದರೆ ಸರಿಯಾದ ರೀತಿಯಲ್ಲಿ. ಈ ಎಂಜಿನ್‌ನಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ನಿಂತಿರುವಾಗ ಸ್ವಲ್ಪ ಎಂಜಿನ್ ಒಳಗೆ ಉಳಿದುಬಿಡುತ್ತದೆ. ಸ್ವಿಚ್ ಎಲ್ಲ ಆಫ್ ಇರುವುದನ್ನು ನೋಡಿಕೊಂಡು, ಪ್ರೊಪೆಲ್ಲರನ್ನು ಅದು ಓಡುವ ದಿಕ್ಕಿನಲ್ಲೇ ನಿಧಾನವಾಗಿ ಕೈಯಿಂದ ತಿರುಗಿಸಿ. ಟ್ಯಾಂಕಿನಲ್ಲಿ ಗೊಳಗೊಳ ಸದ್ದು ಕೇಳಿದ ಮೇಲೆ ಡಿಪ್‌ಸ್ಟಿಕ್ ಹಾಕಿ. ಉಲ್ಟಾ ತಿರುಗಿಸಬೇಡಿ, ಆಯಿಲ್ ದಾರಿಗೆ ಗಾಳಿ ಸೇರುತ್ತದೆ.

ಮಟ್ಟ ಸರಿ ಇದ್ದರೆ ಟ್ಯಾಂಕಿನಿಂದ ಪಂಪಿಗೆ ಬರುವ ಹೋಸು ನೋಡಿ. ಆಯಿಲ್ ಕೂಲರ್ ಇರುವುದೂ ಈ ಹೀರುವ ದಾರಿಯಲ್ಲೇ. ಒಂದು ಕ್ಲಾಂಪ್ ಸಡಿಲಾದರೆ ಆಯಿಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗಬಹುದು. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ಒತ್ತಡ ಮಾತ್ರ ಇಲ್ಲ. ಹೋಸ್ ಬಾಗಿ ಮಡಿಕೆ ಬಿದ್ದಿದೆಯಾ ನೋಡಿ. ಎಲ್ಲ ಸರಿ ಇದ್ದರೆ ಮೆಕ್ಯಾನಿಕಲ್ ಗೇಜ್ ಹಾಕಿ ಅಳೆಯಿರಿ. ಸೆನ್ಸರ್ ಕೆಟ್ಟಿರಬೇಕು ಬಿಡಿ ಅಂತ ಅಳೆಯದೆ ಹಾರಬೇಡಿ.

ಬಿಸಿಗೆ ಬಂದರೆ, ಆಯಿಲ್ 90ರಿಂದ 110 ಡಿಗ್ರಿಯಲ್ಲಿ ಇದ್ದರೆ ಚೆನ್ನ. ಯುಎಲ್‌ಎಸ್‌ಗೆ 130, ಯುಎಲ್‌ಗೆ 140 ಮಿತಿ. ಜಾಸ್ತಿಯಾದರೆ ಕೂಲಂಟ್ ಮಟ್ಟ, ರೇಡಿಯೇಟರ್ ರೆಕ್ಕೆಗಳಲ್ಲಿ ಸಿಕ್ಕ ಹುಲ್ಲು ಮತ್ತು ಹುಳು, ಒತ್ತಡದ ಮುಚ್ಚಳ ಈ ಕ್ರಮದಲ್ಲಿ ನೋಡಿ. ಬಿಸಿ ಇರುವಾಗ ಮುಚ್ಚಳ ತೆರೆಯಬೇಡಿ. ಇವೆಲ್ಲ ಸರಿ ಇದ್ದರೆ ಕೌಲಿಂಗ್‌ನಲ್ಲಿ (ಎಂಜಿನ್ ಮೇಲಿನ ಹೊದಿಕೆಯಲ್ಲಿ) ಗಾಳಿ ಒಳಬರುವ ಬಾಯಿಯನ್ನು ದೊಡ್ಡದು ಮಾಡಲು ಹೋಗಬೇಡಿ, ಹೊರಹೋಗುವ ಬಾಯಿ ನೋಡಿ. ಬಿಸಿ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಒಳದಾರಿ ಎಷ್ಟು ದೊಡ್ಡದಿದ್ದೂ ಉಪಯೋಗವಿಲ್ಲ. ಆಯಿಲ್ ತೀರಾ ತಣ್ಣಗಿರುವುದೂ ಒಳ್ಳೆಯದಲ್ಲ. 50 ಡಿಗ್ರಿ ಆಗುವ ತನಕ ಟೇಕಾಫ್ ಬೇಡ. ಹಾರುವ ದಿನ ಒಮ್ಮೆಯಾದರೂ 100 ಮುಟ್ಟಲಿ, ಒಳಗೆ ಸೇರಿದ ನೀರು ಆವಿಯಾಗುತ್ತದೆ.

ಮೀಟರಿನ ಮುಳ್ಳು ಕುಣಿಯುತ್ತಿದೆ

ಬಿಸಿ ಒಂದು ಸೆಕೆಂಡಿನಲ್ಲಿ 80ರಿಂದ 130ಕ್ಕೆ ನೆಗೆಯುವುದಿಲ್ಲ. ಮುಳ್ಳು ನೆಗೆದರೆ ಅದು ವೈರಿನ ತೊಂದರೆ. ಲ್ಯಾಂಡಿಂಗ್ ಲೈಟ್ ಹಾಕಿದಾಗ, ರೇಡಿಯೋ ಬಟನ್ ಒತ್ತಿದಾಗ ಎಲ್ಲ ಮೀಟರೂ ಒಟ್ಟಿಗೆ ಅಲುಗಿದರೆ ಅರ್ಥಿಂಗ್ ಸರಿಯಿಲ್ಲ. ಒಂದೇ ಮೀಟರ್ ಆದರೆ ಅದರ ಸೆನ್ಸರ್ ಕನೆಕ್ಟರ್. ನಿಧಾನವಾಗಿ, ಬಿಡದೆ ಏರುತ್ತಿರುವ ಮುಳ್ಳನ್ನು ಮಾತ್ರ ನಂಬಿ, ಅದು ನಿಜ ಹೇಳುತ್ತಿರುತ್ತದೆ.

ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಆಯಿಲ್‌ನಲ್ಲಿ ಬರುವ ಲೋಹದ ಚೂರು ಹಿಡಿಯುವ ಮ್ಯಾಗ್ನೆಟ್ ಪ್ಲಗ್ ಬಿಚ್ಚಿದಾಗ ಸ್ವಲ್ಪ ಲೋಹದ ಪುಡಿ ಅಂಟಿರುವುದು ಮಾಮೂಲಿ. 3 ಮಿಲಿಮೀಟರಿಗಿಂತ ಎತ್ತರದ ರಾಶಿ ಕಂಡರೆ, ಅಥವಾ ಉಗುರಿಗೆ ಸಿಗುವಂಥ ಚೂರು ಕಂಡರೆ, ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಅಲ್ಲೂ ಲೋಹ ಇದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರೆ, ಗೇರ್‌ಬಾಕ್ಸಿನಿಂದ ಹೊಸ ಸದ್ದು ಬಂದರೆ, ಎಂಜಿನ್ ಮಿತಿ ಮೀರಿ ಬಿಸಿಯಾಗಿದ್ದರೆ, ಆಯಿಲ್ ಒತ್ತಡವಿಲ್ಲದೆ ಓಡಿದ್ದರೆ, ಆಗಲೂ ಅಷ್ಟೇ. ಎಂಜಿನ್ ಈಗ ಚೆನ್ನಾಗಿ ಓಡುತ್ತಿದೆ ಅನ್ನುವುದು ಇಂಥ ಹೊತ್ತಿನಲ್ಲಿ ಸಾಕ್ಷಿಯಾಗುವುದಿಲ್ಲ. ಭಾರತದಲ್ಲಾದರೆ ದುರಸ್ತಿಗೆ ಯಾರು ಸಹಿ ಹಾಕಬಹುದು ಅಂತ ನಿಮ್ಮ ವಿಮಾನಕ್ಕೆ ಡಿಜಿಸಿಎ (ವಿಮಾನಯಾನದ ನಿಯಂತ್ರಣ ಸಂಸ್ಥೆ) ಕೊಟ್ಟ ಅನುಮತಿಯ ಶರತ್ತು ನೋಡಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕಟ್ಟುತ್ತಿರುವ ನಮ್ಮವರಿಗೆ ಅಲ್ಲಲ್ಲಿನ ನಿಯಮ.

ಈ ಲಕ್ಷಣಗಳಲ್ಲಿ ಯಾವುದೇ ಆಗಲಿ ಹಾರಾಟದಲ್ಲಿ ಕಂಡರೆ ಕೈಪಿಡಿಯ ಕ್ರಮ ನೆನಪಿಸಿಕೊಳ್ಳುತ್ತಾ ಕೂರಬೇಡಿ. ಮೂತಿ ತಗ್ಗಿಸಿ, ವೇಗ ಉಳಿಸಿ, ಇಳಿಯುವ ಜಾಗ ಆರಿಸಿ. ಎತ್ತರ ಇದ್ದರೆ ಪೆಟ್ರೋಲ್ ವಾಲ್ವ್, ಎಲೆಕ್ಟ್ರಿಕ್ ಪಂಪ್, ಎರಡೂ ಇಗ್ನಿಷನ್ ಒಮ್ಮೆ ನೋಡಿ. ಟೇಕಾಫ್ ಆದ ಕೂಡಲೇ ಎಂಜಿನ್ ಸೊರಗಿದರೆ ರನ್‌ವೇ ಕಡೆಗೆ ತಿರುಗಲು ಹೋಗದೆ ಎದುರಿಗೆ ಸಿಗುವ ಬಯಲಲ್ಲಿ ಇಳಿಸಿ. ಎಂಜಿನ್ ಮತ್ತೆ ಚೆನ್ನಾಗಿ ಓಡಲು ಶುರು ಮಾಡಿದರೂ ಇಳಿದು ಕೌಲಿಂಗ್ ಬಿಚ್ಚಿ ನೋಡಿ.